ಅಕ್ಕನ ಹಾಡಿನ ಪತ್ರಿಕೆ

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಮುಂದಿನ ಕೋಣೆಯೊಂದೇ ಎಲ್ಲದಕ್ಕೂ ಆಗಬೇಕಿತ್ತು. ಊಟ ಅಲ್ಲೇ, ಕುಟುಂಬ ಪ್ರಾರ್ಥನೆ ಅಲ್ಲೇ, ಬಂದವರಿಗೆ ಕುರ್ಚಿ ಹಾಕುವುದು ಅಲ್ಲೇ, ಊಟ ಮುಗಿದ ಮೇಲೆ ನೆಲ ಒರೆಸಿ ಅಕ್ಕನಿಗೂ ನನಗೂ ಹಾಸಿಗೆ ಬಿಡಿಸುವುದೂ ಅಲ್ಲೇ. ಒಳಕೋಣೆಯಲ್ಲಿ ಅಪ್ಪ ಅಮ್ಮನ ಮಂಚ, ಟ್ರಂಕುಗಳು, ರಾಗಿಹಿಟ್ಟಿನ ಡಬ್ಬ. ಅದರಾಚೆ ಹೊಗೆ ಹಿಡಿದ ಅಡುಗೆಮನೆ. ಸ್ಟೇಷನ್ನಿನ ಯಾರ್ಡಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಜೋಡಿಸಿದಾಗಲೆಲ್ಲ ಮನೆ ಒಮ್ಮೆ ಸಣ್ಣಗೆ ನಡುಗುತ್ತಿತ್ತು. ಗೂಡಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಕ್ಕ ಜಯಶೀಲ ತಟ್ಟೆಯ ಮುಂದೆ ಕೂತವಳು ತಲೆಯೆತ್ತದೆಯೇ ಆ ಸದ್ದಿಗೆ ಸರಿಯಾಗಿ ‘ಪಾ’ ಎಂದು ಸ್ವರ ಹಿಡಿಯುತ್ತಿದ್ದಳು. ಅಮ್ಮ ನಗುತ್ತಿದ್ದಳು. ಅಪ್ಪ ಊಟ ಮಾಡುವಾಗ ಹಾಡಬಾರದು ಎಂದು ಗದರುತ್ತಿದ್ದರು. ನನಗೆ ಆ ಸದ್ದಿನಲ್ಲಿ ಸದ್ದಲ್ಲದೆ ಬೇರೇನೂ ಕೇಳಿಸುತ್ತಿರಲಿಲ್ಲ. ನಾನು ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ಹುಟ್ಟಾ ಬೇಸೂರ. ದೇವಾಲಯದಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ನನ್ನ ಪಕ್ಕ ನಿಂತವರು ಕೀರ್ತನೆ ಶುರುವಾದೊಡನೆ ಸ್ವಲ್ಪ ಆಚೆ ಸರಿಯುತ್ತಿದ್ದರು.

ಅಪ್ಪ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಅವರ ಅಂಗಿಯಲ್ಲಿ ಯಾವಾಗಲೂ ಕೊಬ್ಬರಿ ಮೂಟೆಯ ವಾಸನೆ. ಭಾನುವಾರ ಮಾತ್ರ ಅವರು ಸಂಡೇ ಸ್ಕೂಲಿನ ಮೇಲ್ವಿಚಾರಕರಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಮಗೇ ಗುರುತು ಸಿಗದಷ್ಟು ಗಂಭೀರರಾಗುತ್ತಿದ್ದರು. ಗೆಂಡೆಹಳ್ಳಿ ಕಡೆಯ ಹಳ್ಳಿಯಿಂದ ಓದಲೆಂದು ಹೊರಬಿದ್ದ ಅವರಿಗೆ ಅಚ್ಚಾದ ಕಾಗದವೆಂದರೆ ಸಣ್ಣ ವಿಷಯವಲ್ಲ. ಓದಿದ್ದು ಮನುಷ್ಯನ ಒಳಗೆ ಹೋಗಿ ಕೂರುತ್ತದೆ, ಆಮೇಲೆ ಹೊರಗೆ ಬಾ ಎಂದರೆ ಬರುವುದಿಲ್ಲ ಎಂದು ಅವರು ನಂಬಿದ್ದರು. ಆದ್ದರಿಂದ ನಮ್ಮ ಮನೆಗೆ ಸಿನಿಮಾ ಪತ್ರಿಕೆ ಬರುತ್ತಿರಲಿಲ್ಲ, ಕಾದಂಬರಿಯೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕ್ರೈಸ್ತ ಪತ್ರಿಕೆಗಳು. ಅವೂ ನಮಗಷ್ಟೇ ಅಲ್ಲ, ನಾವು ಓದಿದ ಮೇಲೆ ಸಂಡೇ ಸ್ಕೂಲಿನ ಕಪಾಟಿಗೆ ಹೋಗಿ ಸಭೆಯ ಮಕ್ಕಳೂ ಯುವಕರೂ ಓದಬೇಕಾದವು. ಹಾಗಾಗಿ ವರ್ಷಕ್ಕೊಮ್ಮೆ ಅವನ್ನು ಆರಿಸುವುದು ಅಪ್ಪನ ಪಾಲಿಗೆ ದೊಡ್ಡ ಹೊಣೆ, ನಮ್ಮ ಪಾಲಿಗೆ ದೊಡ್ಡ ಹಬ್ಬ.

ಪ್ರತಿ ವರ್ಷ ದೀಪಾವಳಿ ಕಳೆದು, ಕ್ರಿಸ್‌ಮಸ್ಸಿನ ಸಿದ್ಧತೆ ಇನ್ನೂ ಶುರುವಾಗದ ಆ ತಣ್ಣನೆಯ ದಿನಗಳಲ್ಲಿ ಯೋಹಾನಪ್ಪ ಮಾಮ ಬೆಂಗಳೂರಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿಯುತ್ತಿದ್ದರು. ಅವರು ನೆಂಟರೇನಲ್ಲ. ಊರೂರು ತಿರುಗಿ, ಸಭೆಗಳಲ್ಲೂ ಮನೆಗಳಲ್ಲೂ ಕ್ರೈಸ್ತ ಪತ್ರಿಕೆಗಳಿಗೆ ಚಂದಾ ಮಾಡಿಸುವುದು ಅವರ ಕೆಲಸ. ಹಾಸನ, ಬೇಲೂರಿನ ಕಡೆ ಹೊರಡುವ ಮುನ್ನ ನಮ್ಮಲ್ಲಿ ಒಂದು ದಿನ ಉಳಿಯುತ್ತಿದ್ದರು. ಅಮ್ಮ ಅವತ್ತು ಕೋಳಿ ಸಾರು ಮಾಡುತ್ತಿದ್ದಳು. ಮುದ್ದೆ ಉಂಡು, ಕೈ ತೊಳೆದು, ಒರೆಸಿದ ಕೈಯನ್ನು ಮತ್ತೊಮ್ಮೆ ಪಂಚೆಗೆ ಒರೆಸಿಕೊಂಡು ಅವರು ಕ್ಯಾನ್ವಾಸ್ ಚೀಲದಿಂದ ಮಾದರಿ ಪ್ರತಿಗಳನ್ನು ತೆಗೆದು ಚಾಪೆಯ ಮೇಲೆ ಹರಡುತ್ತಿದ್ದರು. ಮಕ್ಕಳದ್ದು ಒಂದು ಕಡೆ, ಹರೆಯದವರದ್ದು ಒಂದು ಕಡೆ, ಉಪದೇಶಿಗಳದ್ದು, ಹೆಂಗಸರದ್ದು. ಕನ್ನಡದವು ಹೆಚ್ಚು, ಇಂಗ್ಲಿಷಿನವು ಒಂದೆರಡು. ಹೊಸ ಅಚ್ಚಿನ ವಾಸನೆ ಕೋಳಿ ಸಾರಿನ ವಾಸನೆಯ ಜೊತೆ ಸೇರಿ ಕೋಣೆ ತುಂಬುತ್ತಿತ್ತು. ನನಗೆ ಕ್ರಿಸ್‌ಮಸ್ಸಿನ ವಾಸನೆ ಅಂದರೆ ಇವತ್ತಿಗೂ ಕೇಕಿನದಲ್ಲ, ಅದು.

ನಾವು ಆರಿಸುವ ರೀತಿ ಒಬ್ಬೊಬ್ಬರದು ಒಂದೊಂದು. ಅಪ್ಪ ಕನ್ನಡಕ ಹಾಕಿಕೊಂಡು ಸಂಪಾದಕೀಯದಿಂದ ಶುರುಮಾಡಿ, ಹರೆಯದವರ ಪ್ರಶ್ನೋತ್ತರದ ಪುಟವನ್ನು ಎರಡೆರಡು ಸಲ ಓದುತ್ತಿದ್ದರು. ಆ ಪುಟದಲ್ಲಿ ಪ್ರೀತಿ ಪ್ರೇಮದ ಪ್ರಶ್ನೆಗೆ ಕೊಟ್ಟ ಉತ್ತರ ಸಡಿಲವಾಗಿದ್ದರೆ ಆ ಪತ್ರಿಕೆ ಅಲ್ಲಿಗೇ ಬಿತ್ತು. ಅಮ್ಮ ಕಾಗದವನ್ನು ಬೆರಳಿನಲ್ಲಿ ಉಜ್ಜಿ ನೋಡುತ್ತಿದ್ದಳು. ಹಳತಾದ ಮೇಲೆ ಗೂಡಿಗೆ ಹಾಸಲು ಬರಬೇಕಲ್ಲ. ನಾನು ಚಿತ್ರಕತೆ ಇದೆಯೋ, ಪದಬಂಧ ಇದೆಯೋ ನೋಡುತ್ತಿದ್ದೆ. ಅಕ್ಕ ಮಾತ್ರ ಎಲ್ಲವನ್ನೂ ಹಿಂದಿನಿಂದ ತೆರೆಯುತ್ತಿದ್ದಳು. ಕೊನೆಯ ಪುಟಗಳಲ್ಲೇ ಹಾಡು ಇರುತ್ತಿದ್ದದ್ದು. ಹಾಡಿದ್ದರೆ ಅವಳ ತುಟಿ ಅಲ್ಲಾಡಲು ಶುರು. ಇಲ್ಲದಿದ್ದರೆ ಮುಚ್ಚಿ ಪಕ್ಕಕ್ಕೆ.

ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ಯೋಹಾನಪ್ಪ ಮಾಮ ಹೊಸದೊಂದು ಪತ್ರಿಕೆ ತಂದಿದ್ದರು. ಹಾಡು ಇಷ್ಟಪಡುವ ಯುವಜನರಿಗೆಂದೇ ಮಾಡಿದ್ದು. ಮುಖಪುಟದಲ್ಲಿ ಗಿಟಾರ್ ಹಿಡಿದ ಹುಡುಗಿ. ಒಳಗೆ ಹೊಸ ಕೀರ್ತನೆಗಳು, ಕೆಲವಕ್ಕೆ ಸ್ವರಲಿಪಿ, ಕೆಲವಕ್ಕೆ ಯಾವ ತಂತಿಗಳನ್ನು ಒಟ್ಟಿಗೆ ಹಿಡಿಯಬೇಕೆಂದು ತೋರಿಸುವ ಗಿಟಾರಿನ ಕಾರ್ಡ್‌ಗಳು, ಹೊಸದಾಗಿ ಬಂದ ಕ್ಯಾಸೆಟ್ಟುಗಳ ವಿಷಯ, ಗಂಟಲು ಕಾಪಾಡಿಕೊಳ್ಳುವುದು ಹೇಗೆ ಎಂಬ ಲೇಖನ. ಅಕ್ಕ ಅದನ್ನು ಹಿಡಿದವಳು ಕೆಳಗಿಡಲಿಲ್ಲ. ಅಪ್ಪ ಕೈಚಾಚಿ ಇಸಿದುಕೊಂಡು, ಪುಟ ತಿರುವಿ ತಿರುವಿ ಮುಖ ಗಂಟಿಕ್ಕಿಕೊಂಡರು. ಸಿಟ್ಟು ಬಂದಾಗ ಅವರ ಬಾಯಲ್ಲಿ ಗೆಂಡೆಹಳ್ಳಿ ಬರುತ್ತಿತ್ತು.

“ಇದ್ರಲ್ಲಿ ದೇವರ ವಾಕ್ಯ ಎಲ್ಲೈತೆ ಯೋಹಾನಪ್ಪ? ಬರೀ ಗಿಟಾರು, ಕ್ಯಾಸೆಟ್ಟು. ಇದನ್ನ ಸಂಡೇ ಸ್ಕೂಲ್ ಕಪಾಟಲ್ಲಿ ಇಟ್ಟು ನಾನು ಹುಡುಗ್ರಿಗೆ ಏನಂತ ಹೇಳ್ಲಿ?”

ಯೋಹಾನಪ್ಪ ಮಾಮ ಜಗಳವಾಡುವ ಮನುಷ್ಯರಲ್ಲ. ನೋಡಿ ದಾಸಪ್ಪನವರೇ, ಬೇಡ ಅಂದ್ರೆ ಬೇಡ ಎಂದರು. ಅಕ್ಕ ಬಿಡಲಿಲ್ಲ. ಸತ್ಯವೇದದ ಕೀರ್ತನೆಗಳೆಲ್ಲ ಹಾಡೇ ಅಲ್ಲವಾ, ಅದರಲ್ಲಿ ತಾಳ, ತಂತಿವಾದ್ಯ ಎಲ್ಲವೂ ಬರುತ್ತಲ್ಲವಾ ಎಂದು ಕೇಳಿದಳು. ಅದು ಬೇರೆ, ಸಿನಿಮಾ ಧಾಟಿಗೆ ದೇವರ ಹೆಸರು ಹಚ್ಚುವುದು ಬೇರೆ ಎಂದರು ಅಪ್ಪ. ಮಾತಿಗೆ ಮಾತು ಬೆಳೆದು, ಕಡೆಗೆ ಅಪ್ಪ ಪತ್ರಿಕೆಯನ್ನು ಮಾಮನ ಚೀಲಕ್ಕೆ ತುರುಕಿ, ಪ್ರಾರ್ಥನೆಗೆ ಕೂತುಕೊಳ್ಳಿ ಎಂದುಬಿಟ್ಟರು. ಅಕ್ಕ ಕಣ್ಣು ಮುಚ್ಚಿದಳೇ ಹೊರತು ‘ಆಮೆನ್’ ಹೇಳಲಿಲ್ಲ.

ಮಾರನೇ ಬೆಳಗ್ಗೆ ಮಾಮ ಸ್ನಾನಕ್ಕೆ ಹೋದಾಗ ಅವಳು ಚೀಲದಿಂದ ಅದನ್ನು ಮತ್ತೆ ತೆಗೆದು ಅಡುಗೆಮನೆಗೆ ಒಯ್ದಳು. ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಅಕ್ಕ ಒಲೆಯ ಬೆಳಕಿಗೆ ಪುಟ ಹಿಡಿದು, ಸ್ವರಲಿಪಿ ನೋಡುತ್ತಾ ನೋಡುತ್ತಾ, ಮೊದಲು ತಡವರಿಸಿ ಆಮೇಲೆ ನೇರವಾಗಿ, ಅದುವರೆಗೆ ನಾವು ಯಾರೂ ಕೇಳದಿದ್ದ ಒಂದು ಹಾಡನ್ನು ಹಾಡಿದಳು. ಅಮ್ಮನ ಕೈ ಹಿಟ್ಟಿನ ಮೇಲೆ ನಿಂತುಹೋಯಿತು. ಅಪ್ಪ ಜಗಲಿಯಲ್ಲಿ ಶೂ ಉಜ್ಜುತ್ತಿದ್ದರು. ಬ್ರಷ್ಷಿನ ಸದ್ದು ನಿಂತದ್ದು ನನಗೆ ಕೇಳಿಸಿತು. ಮಾಮ ಹೊರಡುವಾಗ ಅಪ್ಪ ಅವರನ್ನು ಸ್ಟೇಷನ್ನಿಗೆ ಬಿಡಲು ಹೋದರು. ಹೊಸ ವರ್ಷದಲ್ಲಿ ಪೋಸ್ಟ್‌ಮ್ಯಾನ್ ತಂದ ಪತ್ರಿಕೆಗಳಲ್ಲಿ ಅದೂ ಇತ್ತು.

ಆಮೇಲಿನ ಕೆಲವು ವರ್ಷಗಳು ನಮ್ಮ ಮನೆಯ ಒಳ್ಳೆಯ ವರ್ಷಗಳು. ಹಾಡಿನ ಪತ್ರಿಕೆ ಬಂದ ದಿನ ಅಕ್ಕ ಪಾಠದ ಪುಸ್ತಕ ಮುಟ್ಟುತ್ತಿರಲಿಲ್ಲ. ಬೇಲೂರಿನಲ್ಲಿದ್ದ ನಮ್ಮ ಸೋದರಮಾವ ತನ್ನ ಹಳೆಯ ಟೇಪ್ ರೆಕಾರ್ಡರ್ ಕೊಟ್ಟಿದ್ದ. ಪತ್ರಿಕೆಯಲ್ಲಿ ಬರೆದಿದ್ದ ಕ್ಯಾಸೆಟ್ಟುಗಳಲ್ಲಿ ಯಾವುದನ್ನು ತರಿಸಬೇಕು ಎಂದು ಅವಳು ತಿಂಗಳುಗಟ್ಟಲೆ ಯೋಚಿಸುತ್ತಿದ್ದಳು. ಸಭೆಯ ಕಾಲು ಹಾರ್ಮೋನಿಯಂ ಅವಳ ವಶಕ್ಕೆ ಬಂತು. ಸಂಡೇ ಸ್ಕೂಲಿಗೆ ಬಾರದಿದ್ದ ಹುಡುಗರು ಹಾಡಿನ ಆಸೆಗೆ ಬರಲು ಶುರುಮಾಡಿದರು. ಕಪಾಟಿನಲ್ಲಿ ಬೇರೆ ಪತ್ರಿಕೆಗಳು ಹೊಸದಾಗಿಯೇ ಉಳಿಯುತ್ತಿದ್ದವು. ಹಾಡಿನದು ಮಾತ್ರ ಅಂಚು ಹರಿದು, ಕೈಯ ಬೆವರಿಗೆ ಕಪ್ಪಾಗಿ ಹಿಂತಿರುಗುತ್ತಿತ್ತು. ಅಪ್ಪ ಅದನ್ನು ಮತ್ತೆ ಕಪಾಟಿಗೆ ಇಡುತ್ತಿದ್ದರು. ಅಕ್ಕ ನನಗೂ ಹಾಡು ಕಲಿಸಲು ನೋಡಿದಳು. ನಾಲ್ಕು ಸಾಲಿಗೇ ಸೋತು, ನೀನು ಪುಸ್ತಕ ಹಿಡಿದುಕೊಳ್ಳೇ ಸಾಕು ಎಂದಳು. ನಾನು ಪುಸ್ತಕ ಹಿಡಿಯುವವಳಾದೆ.

ಒಂದು ಬೇಸಿಗೆ ಸಂಡೇ ಸ್ಕೂಲಿನವರನ್ನೆಲ್ಲ ಅಪ್ಪ ಬಸ್ಸಿನಲ್ಲಿ ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋದರು. ಹಳೇಬೀಡಿನಿಂದ ಹುಲಿಕೆರೆಗೂ ಹೋದೆವು. ಅಲ್ಲಿನ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕೂತು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು. ಮಕ್ಕಳು ಹಾಡು ಹಾಡು ಎಂದು ಅಕ್ಕನ ದುಂಬಾಲು ಬಿದ್ದರು. ಅವಳು ಅಪ್ಪನ ಮುಖ ನೋಡಿದಳು. ಬೇರೆಯವರ ದೇವರ ಜಾಗ, ನಮ್ಮ ಹಾಡು ಹೇಳುವುದು ಸರಿಯೋ ಅಲ್ಲವೋ ಎಂದು ಅಪ್ಪ ಅನುಮಾನಿಸುತ್ತಿರುವಾಗ ಮೇಲಿನ ಮೆಟ್ಟಿಲಿನಲ್ಲಿ ಬೀಡಿ ಸೇದುತ್ತಾ ಕೂತಿದ್ದ ಊರಿನ ಮುದುಕರೊಬ್ಬರು ಹೇಳಿದರು:

“ಹಾಡ್ಲಿ ಬುಡಿ ಸ್ವಾಮಿ. ಮಗ ಹಾಡಿದ್ರೆ ನೀರೇನು ಬ್ಯಾಡ ಅಂತೈತಾ?”

ಅಕ್ಕ ನೀರಿನ ಹತ್ತಿರ ಇಳಿದು ನಿಂತು ಹಾಡಿದಳು. ನಾಲ್ಕೂ ಕಡೆಯ ಕಲ್ಲಿಗೆ ಬಡಿದು ಅವಳ ದನಿ ಅವಳ ಹತ್ತಿರವೇ ವಾಪಸು ಬರುತ್ತಿತ್ತು. ಅವಳು ಒಂದು ಸಾಲು ಹೇಳಿ, ಆ ಮಾರ್ದನಿ ಬರುವುದನ್ನು ಕಾದು, ಅದರ ಮೇಲೆ ಮುಂದಿನ ಸಾಲನ್ನು ಇಡುತ್ತಿದ್ದಳು. ಇಬ್ಬರು ಹಾಡಿದಂತೆ ಇತ್ತು. ನನ್ನಂಥವಳಿಗೂ ಅವತ್ತು ಸಂಗೀತ ಎಂದರೇನು ಎನ್ನುವುದು ತಿಳಿಯಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಅವಳು ಎರಡನೇ ಪಿಯುಸಿಯಲ್ಲಿದ್ದಾಗ ಆ ಪತ್ರಿಕೆಯವರು ಹಾಸನದಲ್ಲಿ ಯುವಜನರಿಗೆ ಸಂಗೀತ ಶಿಬಿರ ಮಾಡಿದರು. ಅಕ್ಕನ ಹಾಡು ಕೇಳಿದ ಅವರು, ಮುಂದಿನ ಕ್ರಿಸ್‌ಮಸ್ಸಿಗೆ ತಾವು ತರಲಿರುವ ಕ್ಯಾಸೆಟ್ಟಿನಲ್ಲಿ ಹಾಡಲು ಬೆಂಗಳೂರಿಗೆ ಬರಬೇಕು ಎಂದರು. ಎರಡು ಹಾಡು ಅವಳೊಬ್ಬಳದೇ. ಅಪ್ಪ ಒಪ್ಪಿದರು. ಪರೀಕ್ಷೆ ಮುಗಿಯಲಿ ಎಂದಷ್ಟೇ ಹೇಳಿದರು. ಅಮ್ಮ ಸೀರೆ ಯಾವುದು ಉಡಬೇಕೆಂದು ಯೋಚಿಸಿದಳು. ಕ್ಯಾಸೆಟ್ಟಿನಲ್ಲಿ ಸೀರೆ ಕಾಣುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಎಲ್ಲರೂ ನಕ್ಕರು.

ಪರೀಕ್ಷೆ ಮುಗಿಯುವ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿತ್ತು. ಬಿಸಿನೀರು, ಮೆಣಸಿನ ಕಷಾಯ, ಎದೆಗೆ ಹಚ್ಚುವ ಮುಲಾಮು ಯಾವುದಕ್ಕೂ ಅದು ಬಗ್ಗಲಿಲ್ಲ. ಸಂಜೆಯಾದರೆ ಜ್ವರ. ಒಂದು ದಿನ ಬಚ್ಚಲಿನಲ್ಲಿ ಉಗುಳಿದ್ದರಲ್ಲಿ ಕೆಂಪು ಕಂಡು ಅಮ್ಮ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಕ್ಷಯ ಎಂದರು ಡಾಕ್ಟರು. ಕಾಯಿಲೆ ಮುಂದುವರಿದಿದೆ, ಮಾತ್ರೆಯ ಜೊತೆ ಇಂಜೆಕ್ಷನ್ನೂ ಬೇಕು, ಬಿಡದಂತೆ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದರು. ಅಮ್ಮ ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಬಾರದು ಎಂದು ನನಗೆ ತಾಕೀತು ಮಾಡಿದಳು. ಅಕ್ಕನಿಗೆ ಬೇರೆ ತಟ್ಟೆ, ಬೇರೆ ಲೋಟ ಬಂತು. ಅವಳ ಹಾಸಿಗೆ ಒಳಕೋಣೆಗೆ ಹೋಯಿತು, ಅಪ್ಪನ ಹಾಸಿಗೆ ನನ್ನ ಪಕ್ಕಕ್ಕೆ ಬಂತು. ಬೆಂಗಳೂರಿನವರಿಗೆ ಮೈ ಸರಿಯಿಲ್ಲ ಎಂದಷ್ಟೇ ತಿಳಿಸಿದರು. ಅವರು ಪರವಾಗಿಲ್ಲ, ಮುಂದಿನ ವರ್ಷ ನೋಡೋಣ ಎಂದರಂತೆ. ಅಕ್ಕ ಆ ಮಾತನ್ನೇ ಹಿಡಿದುಕೊಂಡು ದಿನಾ ಬೆಳಗ್ಗೆ ಅಮ್ಮನ ಜೊತೆ ಇಂಜೆಕ್ಷನ್ನಿಗೆ ನಡೆದಳು. ಸೂಜಿ ಚುಚ್ಚಿದ ಜಾಗ ಗಂಟುಕಟ್ಟಿ ಅವಳಿಗೆ ಮಗ್ಗುಲಾಗಿ ಕೂರಲೂ ಆಗುತ್ತಿರಲಿಲ್ಲ.

ಜ್ವರ ಬಿಟ್ಟಿತು. ಮೈ ತುಂಬಿಕೊಳ್ಳಲು ಶುರುವಾಯಿತು. ಅಮ್ಮ ದೇವರಿಗೆ ಸ್ತೋತ್ರ ಎಂದು ದಿನಕ್ಕೆ ಎಷ್ಟು ಸಲ ಹೇಳಿದಳೋ. ಆ ದಿನಗಳಲ್ಲೇ ಅಕ್ಕ, ಯಾರ್ಡಿನಲ್ಲಿ ಯಾವುದೋ ಇಂಜಿನ್ ಸೀಟಿ ಹಾಕುವುದನ್ನು ನಿಲ್ಲಿಸುತ್ತಲೇ ಇಲ್ಲವಲ್ಲ ಎಂದಳು. ಯಾವ ಇಂಜಿನ್ನೂ ಇರಲಿಲ್ಲ. ಕಿವಿಯಲ್ಲಿ ಗುಯ್‌ಗುಡುತ್ತದೆ ಎಂದರೆ ಅಮ್ಮ ನಿಶ್ಶಕ್ತಿ ಎಂದಳು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ನಾವು ಕರೆದರೆ ಅಕ್ಕ ತಡವಾಗಿ ತಿರುಗುತ್ತಿದ್ದಳು. ಮಂಪರು ಎಂದುಕೊಂಡೆವು. ಜೀವ ಉಳಿಯುವುದೋ ಇಲ್ಲವೋ ಎಂದು ಕಾದ ಮನೆಗೆ ಇವು ಸಣ್ಣ ವಿಷಯಗಳಾಗಿ ಕಂಡವು. ಅವಳಿಗೇ ಅನುಮಾನ ಬಂದಿತ್ತೇನೋ. ಟೇಪ್ ರೆಕಾರ್ಡರ್ ಹಾಕಿ, ಸದ್ದು ಜೋರು ಮಾಡಿ, ಅದರ ಮೇಲೆ ಕೈಯಿಟ್ಟು ಕೂರುತ್ತಿದ್ದಳು.

ಅವಳು ಮತ್ತೆ ದೇವಾಲಯಕ್ಕೆ ಬಂದ ಮೊದಲ ಭಾನುವಾರ ಜನ ಮೇಲೆ ಬಿದ್ದು ಮಾತಾಡಿಸಿದರು. ಹಾರ್ಮೋನಿಯಂಗೆ ಇನ್ನೂ ಕೂರಬೇಡ, ಕಾಲಿಗೆ ಆಯಾಸ ಎಂದು ಅಮ್ಮ ನಮ್ಮ ಜೊತೆಯೇ ಬೆಂಚಿನಲ್ಲಿ ನಿಲ್ಲಿಸಿಕೊಂಡಳು. ನಾನು ಎಂದಿನಂತೆ ಪುಸ್ತಕ ಹಿಡಿದಿದ್ದೆ. ಸಭಾಪಾಲಕರಾದ ಅಯ್ಯನವರು, ಹೊತ್ತಾಗಿದೆಯೆಂದು, ಕೊನೆಯ ಚರಣ ಬಿಟ್ಟು ಕೂತುಕೊಳ್ಳಿ ಎಂದರು. ಎಲ್ಲರೂ ಕೂತರು. ಪುಸ್ತಕ ನೋಡುತ್ತಿದ್ದ ಅಕ್ಕ ಕೊನೆಯ ಚರಣ ಎತ್ತಿಕೊಂಡಳು. ಅದು ಅವಳ ದನಿಯೇ, ಆದರೆ ಧಾಟಿ ಎಲ್ಲೋ ಜಾರಿ, ಪಕ್ಕದ ಹಾದಿ ಹಿಡಿದು ಒಂಟಿಯಾಗಿ ಹೋಗುತ್ತಿತ್ತು. ದೇವಾಲಯದಲ್ಲಿ ಬೇರೆ ಸದ್ದಿಲ್ಲ. ಯಾರೂ ನಿಲ್ಲಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಪ್ಪ ತಿರುಗಿ ನೋಡಿದರು. ನಾನು ಅವಳ ಮೊಣಕೈ ಮುಟ್ಟಿದೆ. ಅವಳು ತಲೆಯೆತ್ತಿ ಕೂತಿರುವ ಜನರನ್ನು ನೋಡಿದಳು, ಅಯ್ಯನವರನ್ನು ನೋಡಿದಳು, ಆಮೇಲೆ ನನ್ನನ್ನು. ಪದದ ಅರ್ಧಕ್ಕೆ ಬಾಯಿ ಮುಚ್ಚಿದಳು. ಬೆಂಚಿನ ಮೇಲೆ ಕೂತವಳು ಆರಾಧನೆ ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ.

ಹಾಸನದ ದೊಡ್ಡ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸಿದರು. ಆ ಇಂಜೆಕ್ಷನ್ ಕೆಲವರಿಗೆ ಹೀಗೆ ಮಾಡುತ್ತದೆ, ಒಳಗಿನ ನರ ಹೋಗಿದೆ, ಮತ್ತೆ ಬರುವುದಿಲ್ಲ, ಕಿವಿಗೆ ಮಿಷನ್ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ ಎಂದರು. ಉಳಿದಿರುವ ಅಷ್ಟಿಷ್ಟೂ ಹೋಗಬಹುದು. ಡಾಕ್ಟರು ಒಳ್ಳೆಯವರು. ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಜೀವ ಉಳಿದಿದೆ, ಅದನ್ನು ನೋಡಿ ಎಂದರು. ಅಪ್ಪ ತಲೆಯಾಡಿಸಿದರು. ಇದನ್ನು ಅಕ್ಕನಿಗೆ ಹೇಳಬೇಕಾದವಳು ನಾನಾದೆ, ಯಾಕೆಂದರೆ ನನ್ನ ತುಟಿಯ ಚಲನೆ ಅವಳಿಗೆ ಬೇಗ ತಿಳಿಯುತ್ತಿತ್ತು. ಹಾಸನದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎದುರುಬದುರು ಕೂತು, ನಿಧಾನವಾಗಿ, ಬರುವುದಿಲ್ಲವಂತೆ ಎಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಅವತ್ತಿನಿಂದ ನಾನು ಆ ಮನೆಯ ಕಿವಿಯಾದೆ. ಯಾರು ಏನೆಂದರು ಎನ್ನುವುದನ್ನೆಲ್ಲ ಅವಳಿಗೆ ದಾಟಿಸುವುದು ನನ್ನ ಕೆಲಸ. ಎಲ್ಲವನ್ನೂ ದಾಟಿಸಲು ಆಗುವುದಿಲ್ಲ ಎನ್ನುವುದು ನನಗೆ ಬೇಗನೆ ತಿಳಿಯಿತು. ಪಾಪ, ಇನ್ನು ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ಬಂದವರು ಅವಳೆದುರಿಗೇ ಹೇಳುತ್ತಿದ್ದರು. ಏನಂತೆ ಎಂದು ಅವಳು ಕೇಳಿದರೆ, ಕಾಫಿ ಚೆನ್ನಾಗಿದೆಯಂತೆ ಎನ್ನುತ್ತಿದ್ದೆ. ಇಷ್ಟು ವರ್ಷಗಳ ಮೇಲೂ ಯಾರಾದರೂ ಮಾತಾಡಿದರೆ ಅದರಲ್ಲಿ ಎಷ್ಟನ್ನು ಮುಂದಕ್ಕೆ ಹೇಳಬಹುದು ಎಂದು ಅಳೆಯುವ ಅಭ್ಯಾಸ ನನಗೆ ಹೋಗಿಲ್ಲ.

ಆ ವರ್ಷ ಯೋಹಾನಪ್ಪ ಮಾಮ ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಊಟವಾಗಿ ಚಾಪೆ ಹಾಸಿದಾಗ ಹಾಡಿನ ಪತ್ರಿಕೆಯ ಹೊಸ ಸಂಚಿಕೆಯನ್ನು ಎಲ್ಲಕ್ಕಿಂತ ಮೊದಲು ಅಕ್ಕನ ಕೈಗೆ ಕೊಟ್ಟು, ಈ ಸಲ ನಿನ್ನ ಕ್ಯಾಸೆಟ್ಟಿನ ವಿಷಯವೂ ಇದರಲ್ಲಿ ಬರಬೇಕಿತ್ತಲ್ಲಮ್ಮ ಎಂದರು. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅಪ್ಪ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು, ಅಕ್ಕನಿಗೆ ತುಟಿಯಲ್ಲಿ ತಿಳಿಯಬಾರದೆಂದು. ಮಾಮ ಉಳಿದ ಪ್ರತಿಗಳನ್ನು ಹರಡುವುದನ್ನು ನಿಲ್ಲಿಸಿದರು. ಆ ಪತ್ರಿಕೆಯನ್ನು ಬಿಡುವುದೋ ಉಳಿಸಿಕೊಳ್ಳುವುದೋ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಿಟ್ಟರೆ ಅವಳು ಮುಗಿದಳು ಎಂದ ಹಾಗೆ. ಉಳಿಸಿಕೊಂಡರೆ ಉಣ್ಣಲಾಗದವಳ ಮುಂದೆ ತಟ್ಟೆ ಇಟ್ಟ ಹಾಗೆ. ಅಕ್ಕ ಪುಟ ತಿರುವಿದಳು, ಎಂದಿನಂತೆ ಹಿಂದಿನಿಂದ. ಅಪ್ಪ ಕನ್ನಡಕ ಹಾಕಿಕೊಳ್ಳದೆಯೇ ಹೇಳಿದರು:

“ಮೊದ್ಲು ಅದನ್ನ ಬರ್ಕೊ ಯೋಹಾನಪ್ಪ. ಮಿಕ್ಕಿದ್ದು ಆಮೇಲೆ ನೋಡಾಣ.”

ಹಾಗೆ ಅದು ತಿಂಗಳು ತಿಂಗಳೂ ಬರುತ್ತಲೇ ಇತ್ತು. ಸ್ವರಲಿಪಿ ಇರುವ ಹಾಡನ್ನು ಅಕ್ಕ ಕಣ್ಣಿನಲ್ಲೇ ಓದಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಒಳಗೆ ಅದು ಕೇಳಿಸುತ್ತದೆ ಎನ್ನುತ್ತಿದ್ದಳು. ಆದರೆ ಬರಬರುತ್ತಾ ಪತ್ರಿಕೆಯಲ್ಲಿ ಸ್ವರಲಿಪಿ ಕಮ್ಮಿಯಾಯಿತು. ಕ್ಯಾಸೆಟ್ ಕೇಳಿ ಕಲಿಯುವ ಕಾಲ; ಬರೀ ಪದ, ಮೇಲೆ ಕಾರ್ಡ್‌ಗಳ ಅಕ್ಷರ. ಅಂಥ ಒಂದು ಹಾಡನ್ನು ಹಿಡಿದು ಅವಳು ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದಳು. ಸಭೆಯಲ್ಲಿ ಎಲ್ಲರೂ ಹಾಡುತ್ತಾರಲ್ಲ, ನೀನು ಕೇಳಿದ್ದೀಯಲ್ಲ, ಹಾಡು ಎಂದಳು. ನನಗೆ ಬರುವುದಿಲ್ಲ ಎಂದೆ. ಹಾಡೇ, ನನಗೇನು ಕೇಳಿಸುತ್ತಾ ಎಂದಳು. ಅವಳು ಬೆರಳುಗಳನ್ನು ನನ್ನ ಗಂಟಲಿನ ಮೇಲೆ ಇಟ್ಟಳು. ನಾನು ಹಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಪ್ರಯತ್ನಪಟ್ಟು ಯಾವ ಕೆಲಸವನ್ನೂ ಮಾಡಿಲ್ಲ. ಪಲ್ಲವಿ ಮುಗಿಸಿ, ಚರಣ ಮುಗಿಸಿ, ಮತ್ತೆ ಪಲ್ಲವಿಗೆ ಬಂದೆ. ಅವಳ ಬೆರಳುಗಳು ಏರಿಳಿತ ಹುಡುಕುತ್ತಾ ಆ ಕಡೆ ಈ ಕಡೆ ಸರಿಯುತ್ತಿದ್ದವು. ಕೊನೆಗೆ ಕೈ ತೆಗೆದಳು.

“ನೀನು ಎಲ್ಲಾನೂ ಒಂದೇ ಥರ ಹೇಳ್ತೀಯ ಕಣೇ ಶಾಂತ,” ಎಂದಳು. ಸಿಟ್ಟಿರಲಿಲ್ಲ. ನನ್ನ ತಲೆ ಸವರಿ ಪತ್ರಿಕೆ ಮಡಿಚಿಕೊಂಡು ಹೋದಳು.

ಆ ದಿನಗಳಲ್ಲೇ ಅಪ್ಪ ಕುಟುಂಬ ಪ್ರಾರ್ಥನೆಯಲ್ಲಿ ಹಾಡುವುದನ್ನು ನಿಲ್ಲಿಸಿದರು. ಮೊದಲೆಲ್ಲ ಒಂದು ಕೀರ್ತನೆ, ಆಮೇಲೆ ವಾಕ್ಯ, ಆಮೇಲೆ ಪ್ರಾರ್ಥನೆ. ಈಗ ನೇರವಾಗಿ ವಾಕ್ಯ. ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ನಮ್ಮ ತುಟಿಗಳು ಅಲ್ಲಾಡದೆ ಇರುವುದು ಅವಳಿಗೆ ಕಾಣುತ್ತಿತ್ತು. ಒಂದು ಸಂಜೆ ಅವಳು ಕೀರ್ತನೆ ಪುಸ್ತಕವನ್ನು ಅಪ್ಪನ ಮುಂದೆ ಇಟ್ಟು, ನನಗೋಸ್ಕರ ನೀವೆಲ್ಲ ಬಾಯಿ ಮುಚ್ಕೊಂಡು ಕೂರಬೇಡಿ ಎಂದಳು. ತನ್ನ ದನಿ ತನಗೇ ಕೇಳದೆ ಅವಳು ಈಗ ಒಂದೋ ಪಿಸುಗುಡುತ್ತಿದ್ದಳು, ಇಲ್ಲವೇ ಕೂಗುತ್ತಿದ್ದಳು. ಅವತ್ತು ಕೂಗಿದ್ದಳು. ಅಪ್ಪ ಪುಸ್ತಕ ತೆರೆದರು, ಮೊದಲ ಸಾಲು ಎತ್ತಿದರು. ಎರಡನೇ ಸಾಲಿಗೆ ಹೋಗಲಿಲ್ಲ. ಅಮ್ಮ ಎತ್ತಿಕೊಳ್ಳಲು ನೋಡಿದಳು, ಅವಳಿಂದಲೂ ಆಗಲಿಲ್ಲ. ಕೊನೆಗೆ ಆ ಕೀರ್ತನೆಯನ್ನು ಪೂರ್ತಿ ಹಾಡಿದವಳು ನಾನೊಬ್ಬಳೇ, ನನ್ನ ಬೇಸೂರಿನಲ್ಲಿ. ಅಕ್ಕ ನನ್ನ ತುಟಿ ನೋಡುತ್ತಾ ತಲೆಯಾಡಿಸುತ್ತಿದ್ದಳು. ಅಪ್ಪ ನೆಲ ನೋಡುತ್ತಿದ್ದರು.

ಹೀಗೆ ಕೆಲವು ವರ್ಷ ಹೋದವು. ಅಕ್ಕ ಹೊಲಿಗೆ ಕಲಿತು ಕ್ವಾರ್ಟರ್ಸಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಮಿಷನ್ ತುಳಿಯುವಾಗ ಕಾಲಿಗೆ ಅದರ ಲಯ ಸಿಗುತ್ತದೆ ಎಂದು ಒಮ್ಮೆ ಹೇಳಿದ್ದಳು, ಆಮೇಲೆ ಹೇಳಲಿಲ್ಲ. ಮಾತು ಕಡಿಮೆಯಾಯಿತು. ಆಡಿದರೂ ಅದರಲ್ಲಿ ಏರಿಲ್ಲ, ಇಳಿವಿಲ್ಲ. ಗೊತ್ತಿಲ್ಲದವರು ಇವಳಿಗೆ ಯಾವಾಗಲೂ ಬೇಜಾರು ಎಂದುಕೊಳ್ಳುತ್ತಿದ್ದರು. ಆದರೂ ಯೋಹಾನಪ್ಪ ಮಾಮ ಬಂದಾಗಲೆಲ್ಲ ಅಪ್ಪ ಮೊದಲು ಬರೆಸುತ್ತಿದ್ದದ್ದು ಹಾಡಿನ ಪತ್ರಿಕೆಯನ್ನೇ. ಮಕ್ಕಳ ಪತ್ರಿಕೆ, ಯುವಕರ ಪತ್ರಿಕೆ ಯಾವುದು ಬಂದರೂ ಸರಿ, ಓದಿ ನೋಡುವ ಉತ್ಸಾಹವೂ ಅವರಲ್ಲಿ ಉಳಿದಿರಲಿಲ್ಲ. ಆ ಒಂದು ಪತ್ರಿಕೆ ಮನೆಗೆ ಬರುತ್ತಿರುವವರೆಗೆ ಏನೋ ಒಂದು ಇನ್ನೂ ಮುಗಿದಿಲ್ಲ ಎಂದು ಅವರು ತಿಳಿದಿದ್ದರೋ ಏನೋ.

ನಾನು ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿದ್ದ ವರ್ಷ ಮಾಮ ಬಂದಾಗ ಅವರಿಗೂ ವಯಸ್ಸಾಗಿತ್ತು. ಚೀಲ ಹಗುರವಾಗಿತ್ತು, ಪತ್ರಿಕೆ ಓದುವವರು ಕಡಿಮೆಯಾಗುತ್ತಿದ್ದಾರೆ, ಎಲ್ಲ ಟಿವಿಯಲ್ಲೇ ಎಂದರು. ಅಕ್ಕ ಎಲ್ಲರಿಗೂ ಕಾಫಿ ತಂದು ಕೊಟ್ಟು ಚಾಪೆಯ ಅಂಚಿಗೆ ಕೂತಳು. ಅಪ್ಪ ಎಂದಿನಂತೆ ಹಾಡಿನ ಪತ್ರಿಕೆ ಬರೆದುಕೊಳ್ಳಲು ಹೇಳಿದರು. ಅವರ ತುಟಿ ನೋಡಿದ ಅಕ್ಕ, ಅಪ್ಪನ ಮೊಣಕಾಲಿನ ಮೇಲೆ ಕೈಯಿಟ್ಟು ಮಾತಾಡಿದಳು. ಅವತ್ತು ಕೂಗಲೂ ಇಲ್ಲ, ಪಿಸುಗುಡಲೂ ಇಲ್ಲ.

“ಅದನ್ನ ನಿಲ್ಸಿಬಿಡಿ ಅಪ್ಪ. ಇಷ್ಟು ದಿನ ಒಳಗಡೆ ಕೇಳ್ತಿತ್ತು. ಈಗ ಅದೂ ಹೋಗ್ತಾ ಐತೆ. ಸ್ವರ ನೋಡಿದ್ರೆ ಬರೀ ಅಕ್ಷರ ಕಾಣುತ್ತೆ. ಹುಲಿಕೆರೆಯಲ್ಲಿ ಹಾಡಿದ್ದು ಹೆಂಗಿತ್ತು ಅಂತ ಎಷ್ಟು ಯೋಚಿಸಿದ್ರೂ ಬರ್ತಿಲ್ಲ.”

ಯೋಹಾನಪ್ಪ ಮಾಮ ತಲೆ ತಗ್ಗಿಸಿದರು. ಅಪ್ಪ ಅವಳನ್ನೇ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿ, ಅವಳ ಕೈಯನ್ನು ಎರಡು ಸಲ ತಟ್ಟಿದರು. ಅಕ್ಕ ಎದ್ದು, ನಮಗೆ ಬೆನ್ನು ಮಾಡಿ, ಕಿಟಕಿಯ ಹತ್ತಿರ ಇಟ್ಟಿದ್ದ ಕಾಫಿ ಲೋಟಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಆಗ ಅಪ್ಪ ಅತ್ತರು. ಕಣ್ಣು ಒರೆಸಿಕೊಳ್ಳುವ ಅಳುವಲ್ಲ. ಬಾಯಿ ತೆರೆದು, ಯಾರೂ ಇಲ್ಲದ ಹೊಲದಲ್ಲಿ ಅಳುವ ಹಾಗೆ, ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುವಷ್ಟು ಜೋರಾಗಿ. ಅಮ್ಮ ಓಡಿ ಬಂದಳು. ತಿಳಿಸಲೆಂದು ನಾನು ಅಕ್ಕನ ಕಡೆ ಹೆಜ್ಜೆ ಇಟ್ಟೆ. ಅಪ್ಪ ಅಳುತ್ತಲೇ ನನ್ನ ಕಡೆ ಕೈಯೆತ್ತಿ ಬೇಡ ಎಂದರು. ನಾನು ನಿಂತೆ. ಅಕ್ಕ ಲೋಟಗಳನ್ನು ಒಂದರೊಳಗೊಂದು ಸೇರಿಸಿ, ಯಾರ ಕಡೆಗೂ ತಿರುಗದೆ ಅಡುಗೆಮನೆಗೆ ಹೋದಳು.